ಅಜ್ಜಿಯ ಬೀಡಿನ ಕಾವಲಿಗೆ, ತುಕ್ಕಿನಿಂದ ತೆಳ್ಳವಿನವರೆಗೆ

ಹೊರಗಿನವರು ನೀರುದೋಸೆ ಅನ್ನುವುದಕ್ಕೆ ನಮ್ಮ ಮನೆಯಲ್ಲಿ ತೆಳ್ಳವು ಅಂತ ಹೆಸರು. ವಾರದಲ್ಲಿ ನಾಲ್ಕು ದಿನ ಕೊಟ್ಟರೂ ನನಗೆ ಬೇಜಾರಿಲ್ಲ. ಅದು ಬಿಟ್ಟರೆ ಉದ್ದಿನ ದೋಸೆ, ಸೌತೆಕಾಯಿ ದೋಸೆ, ಮಳೆಗಾಲ ಶುರುವಾಗುವ ಹೊತ್ತಿಗೆ ಹಲಸಿನ ಹಣ್ಣಿನ ದೋಸೆ. ಈ ನಾಲ್ಕೂ ಒಂದೇ ಕಾವಲಿಗೆಯ, ಅಂದರೆ ದೋಸೆ ಹೆಂಚಿನ ಮೇಲೆ ಆಗುವಂಥವು. ಆ ಕಾವಲಿಗೆಯನ್ನು ಹಾಳು ಮಾಡಿದ್ದು ನಾನೇ. ಅದನ್ನು ಸರಿ ಮಾಡಲು ಮೂರು ವಾರ ಹಿಡಿಯಿತು. ಏನೇನು ಮಾಡಿದೆ, ಎಲ್ಲಿ ತಪ್ಪಿದೆ ಅಂತ ಬರೆದಿಟ್ಟುಕೊಂಡಿದ್ದೆ. ಹಳೇ ಕಾವಲಿಗೆ ಮೂಲೆಗೆ ಹಾಕಿರುವ ಮನೆಗಳು ನಮ್ಮೂರಲ್ಲೇ ಬೇಕಾದಷ್ಟಿವೆ, ಯಾರಿಗಾದರೂ ಬೇಕಾಗಬಹುದು.

ಹಾಳಾದ ಕತೆ ಚಿಕ್ಕದು. ಎರಡು ವರ್ಷದ ಹಿಂದೆ ಮೊದಲ ಸಂಬಳದಲ್ಲಿ ನಾನ್‌ಸ್ಟಿಕ್ ಕಾವಲಿ ತಂದೆ. ಅಮ್ಮನಿಗೆ ಕೆಲಸ ಸುಲಭ ಆಗಲಿ ಅಂತ. ಅಜ್ಜಿಯ ಬೀಡಿನ, ಅಂದರೆ ಎರಕದ ಕಬ್ಬಿಣದ ಕಾವಲಿಗೆಯನ್ನು ಸಾಬೂನು ಹಾಕಿ, ಸ್ಟೀಲ್ ನಾರಿನಲ್ಲಿ ಗಸಗಸ ತಿಕ್ಕಿ, ಒರೆಸದೆ ಹಾಗೇ ಹಿಂದಿನ ಚಾವಡಿಯ ಅಟ್ಟಕ್ಕೆ ಹಾಕಿದೆ. ಅಲ್ಲಿ ಒಂದು ಹಂಚು ಜಾರಿ ನೀರು ಸೋರುತ್ತಿತ್ತು. ಈಗ ನಾನ್‌ಸ್ಟಿಕ್ ನಡುವಿನಲ್ಲಿ ಸಿಪ್ಪೆ ಎದ್ದು ಬರುತ್ತಿದೆ. ಅದರಲ್ಲಿ ಎರೆದ ತೆಳ್ಳವಿಗೆ ಸಣ್ಣ ತೂತಿನ ಕಣ್ಣೂ ಬೀಳುವುದಿಲ್ಲ, ಬಿಳಿ ಬಟ್ಟೆಯ ಹಾಗೆ ಸಪಾಟು.

ಜೂನ್ 14, ಶನಿವಾರ

ಕಾವಲಿಗೆಯನ್ನು ಅಟ್ಟದಿಂದ ಇಳಿಸಿದೆ. ಮೇಲೆಲ್ಲ ಕೆಂಪು ತುಕ್ಕು, ಬೆರಳಲ್ಲಿ ಉಜ್ಜಿದರೆ ಪುಡಿ ಉದುರುತ್ತದೆ. ನೀರು ಬೀಳುತ್ತಿದ್ದ ಕಡೆ ಅಂಚಿನ ಹತ್ತಿರ ದಪ್ಪ ಹೊಪ್ಪಳೆ. ಅಡ್ಡಳತೆ 28 ಸೆಂಟಿಮೀಟರ್, ದಪ್ಪ ಸುಮಾರು 5 ಮಿಲಿಮೀಟರ್. ಎರಡು ಕಡೆ ಕಿವಿ. ಅಡಿಕೆ ತೂಗುವ ತಕ್ಕಡಿಯಲ್ಲಿ ಇಟ್ಟರೆ 2 ಕಿಲೋ 650 ಗ್ರಾಂ.

ಕೆಲಸ ಶುರು ಮಾಡುವ ಮೊದಲು ಬಿರುಕು ಇದೆಯಾ ಅಂತ ನೋಡಬೇಕು. ಬೀಡು ಬಿರುಕು ಬಿಟ್ಟಿದ್ದರೆ ಮುಂದಿನ ಶ್ರಮ ಎಲ್ಲ ದಂಡ, ಬಿಸಿಗೆ ಇಟ್ಟಾಗ ಅದು ಇನ್ನೂ ಬಾಯಿ ಬಿಡುತ್ತದೆ. ಅಜ್ಜಿ ಒಂದು ಕಿವಿಗೆ ಬಾಳೆಹಗ್ಗ ಕಟ್ಟಿ ತೂಗಾಡಿಸಿ ಹಿಡಿಯಲು ಹೇಳಿದರು. ಬೆರಳ ಗೆಣ್ಣಿನಿಂದ ಹೊಡೆದರು. ಟಣ್ ಅಂತ ಶಬ್ದ ಬಂತು, ಬಂದು ಸ್ವಲ್ಪ ಹೊತ್ತು ಎಳೆಯಿತು. ಬಿರುಕಿದ್ದರೆ ಡಬ್ ಅಂತ ಸತ್ತ ಶಬ್ದ ಬರುತ್ತದಂತೆ.

"ಒಡದ್ದಿಲ್ಲೆ" ಅಂದರು. ಅಷ್ಟೇ. ಎರಡು ವರ್ಷದ ಹಿಂದೆ ನಾನು ಮಾಡಿದ್ದರ ಬಗ್ಗೆ ಒಂದು ಮಾತೂ ಇಲ್ಲ.

ಜೂನ್ 15, ಭಾನುವಾರ

ಮೊದಲು ಮನೆಯಲ್ಲೇ ಇದ್ದ ಸಾಮಾನಿನಿಂದ ನೋಡಿದೆ. ಹುಣಸೆಹುಳಿ ಕಿವುಚಿದ ನೀರು, ಒಲೆಯ ಬೂದಿ, ತೆಂಗಿನ ನಾರು. ಎರಡು ಗಂಟೆ ತಿಕ್ಕಿದೆ. ಮೇಲಿನ ಸಡಿಲ ತುಕ್ಕೆಲ್ಲ ಹೋಯಿತು, ನಡುಭಾಗದಲ್ಲಿ ಬೂದು ಬಣ್ಣದ ಬೀಡು ಕಾಣಿಸಿತು. ಅಂಚಿನ ಹೊಪ್ಪಳೆ ಮಾತ್ರ ಜಪ್ಪಯ್ಯ ಅನ್ನಲಿಲ್ಲ.

ತುಕ್ಕು ತೆಳ್ಳಗೆ ಹಿಡಿದಿದ್ದರೆ ಇಷ್ಟೇ ಸಾಕಾಗುತ್ತಿತ್ತು. ಅದು ನನಗೆ ಆಮೇಲೆ ಗೊತ್ತಾಯಿತು. ಆ ಹೊಪ್ಪಳೆಯೊಂದಕ್ಕೋಸ್ಕರ ಇಡೀ ಕಾವಲಿಗೆಗೆ ದೊಡ್ಡ ಮದ್ದು ಮಾಡಲು ಹೊರಟದ್ದೇ ನನ್ನ ಮೊದಲ ತಪ್ಪು.

ಜೂನ್ 16, ಸೋಮವಾರ

ಕೆಲಸ ಮುಗಿಸಿ ಬರುವಾಗ ಕಾಸರಗೋಡು ಜಿಲ್ಲೆಯ ನಮ್ಮ ಬದಿಯಡ್ಕ ಪೇಟೆಯಲ್ಲಿ ಇಳಿದು ಸಾಮಾನು ತಂದೆ. ವೈರ್ ಬ್ರಷ್ 70 ರೂಪಾಯಿ. ಸ್ಟೀಲ್ ನಾರು ಎರಡು, 40. ಉಪ್ಪುಕಾಗದ ನಾಲ್ಕು ಹಾಳೆ, 120 ನಂಬರಿನದು ಎರಡು, 220 ನಂಬರಿನದು ಎರಡು, ಒಟ್ಟು 80. ಉಪ್ಪುಕಾಗದ ಅಂದರೆ ಅಂಗಡಿಯವರಿಗೆ ಗೊತ್ತಾಗಲಿಲ್ಲ, ಕೈಯಲ್ಲಿ ಉಜ್ಜಿ ತೋರಿಸಿದೆ. "ಉರಕ್ಕಡಲಾಸ್" ಅಂದರು, ಮಲಯಾಳದಲ್ಲಿ. ಉರಸುವ ಕಡಲಾಸು. ಇನ್ನು ಮರೆಯಲಿಕ್ಕಿಲ್ಲ. ವಿನೆಗರ್ ಮೂರು ಬಾಟಲಿ, 135.

ಜೂನ್ 18, ಬುಧವಾರ ರಾತ್ರಿ

ಪ್ಲಾಸ್ಟಿಕ್ ಟಬ್ಬಿನಲ್ಲಿ ಕಾವಲಿಗೆ ಇಟ್ಟು ಮೂರು ಬಾಟಲಿ ವಿನೆಗರ್, ಅಷ್ಟೇ ನೀರು ಹಾಕಿದೆ. ಪೂರ್ತಿ ಮುಳುಗಿತು. ಒಂದು ಗಂಟೆ ಬಿಟ್ಟು ನೋಡುವುದು ಅಂತ ಲೆಕ್ಕ. ಊಟ ಮಾಡಿ ಮಲಗಿದವನಿಗೆ ನಿದ್ದೆ ಬಂತು.

ಜೂನ್ 19, ಗುರುವಾರ ಬೆಳಿಗ್ಗೆ

ಹತ್ತು ಗಂಟೆ ನೆನೆದಿತ್ತು. ತುಕ್ಕೇನೋ ಎಲ್ಲ ಬಿಟ್ಟಿತ್ತು. ಆದರೆ ಹುಳಿ ತುಕ್ಕು ತಿಂದು ಮುಗಿಸಿ ಬೀಡಿಗೇ ಬಾಯಿ ಹಾಕಿತ್ತು. ಮೇಲೆಲ್ಲ ಕಪ್ಪು ಮಸಿ. ತೊಳೆದರೆ ಮೈ ತರಿತರಿ. ಅಜ್ಜಿ ನಲವತ್ತು ವರ್ಷ ದೋಸೆ ಎರೆದು ನುಣುಪು ಮಾಡಿದ್ದ ಮೈ ಅದು. ಕೈ ಇಟ್ಟಾಗ ನಿಜಕ್ಕೂ ಹೊಟ್ಟೆ ಉರಿಯಿತು.

ಬಸ್ಸಿಗೆ ಹೊತ್ತಾಗಿತ್ತು. ಬಟ್ಟೆಯಲ್ಲಿ ಒರೆಸಿ ಜಗಲಿಯಲ್ಲಿ ಇಟ್ಟೆ. ಅಂಗಿ ಹಾಕಿಕೊಂಡು ಬರುವಷ್ಟರಲ್ಲಿ, ಹೆಚ್ಚೆಂದರೆ ಹತ್ತು ನಿಮಿಷ, ಮತ್ತೆ ಕಿತ್ತಳೆ ಬಣ್ಣ ಹತ್ತಿತ್ತು. ಜೂನ್ ತಿಂಗಳ ನಮ್ಮ ಗಾಳಿಯಲ್ಲಿ ಬರೀ ಬಟ್ಟೆಯಲ್ಲಿ ಒರೆಸಿದರೆ ಸಾಲದು.

ಇದರಲ್ಲಿ ಎರಡು ತಪ್ಪು. ವಿನೆಗರಿನಲ್ಲಿ ಅರ್ಧ ಗಂಟೆಗೊಮ್ಮೆ ತೆಗೆದು ತಿಕ್ಕಿ ನೋಡಬೇಕು, ತುಕ್ಕು ಬಿಟ್ಟ ಕೂಡಲೇ ಹೊರಗೆ ತೆಗೆಯಬೇಕು. ಮನೆಯಲ್ಲಿ ಎಚ್ಚರ ಇರುವ ಹೊತ್ತಿನಲ್ಲೇ ಈ ಕೆಲಸ ಮಾಡಿ. ಇನ್ನೊಂದು, ತೊಳೆದ ಕಾವಲಿಗೆ ನೇರ ಒಲೆಗೆ ಹೋಗಬೇಕು. ನೀರಿನ ಪಸೆ ಪೂರ್ತಿ ಹಾರಿ ಹೋಗುವ ತನಕ ಸಣ್ಣ ಉರಿ.

ಜೂನ್ 21, ಶನಿವಾರ

120 ನಂಬರಿನ ಕಾಗದವನ್ನು ಮರದ ತುಂಡಿಗೆ ಸುತ್ತಿ ಉಜ್ಜಿದೆ. ಮೂರು ಗಂಟೆ. ನಡುವಿನಿಂದ ಸುತ್ತುಸುತ್ತಾಗಿ ಅಂಚಿಗೆ, ದೋಸೆ ಹರಡುವ ಹಾಗೆಯೇ. ಆಮೇಲೆ 220 ನಂಬರಿನಲ್ಲಿ ಒಂದು ಗಂಟೆ. ಮೊದಲಿನ ನುಣುಪು ಬರಲಿಲ್ಲ, ಆದರೆ ಅಂಗೈಗೆ ತರಿ ಸಿಗುವುದು ನಿಂತಿತು. ಅಂಚಿನ ಹೊಪ್ಪಳೆ ಇದ್ದ ಜಾಗದಲ್ಲಿ ಎಂಟಾಣೆ ನಾಣ್ಯದಷ್ಟು ಅಗಲಕ್ಕೆ ಸಣ್ಣ ಸಣ್ಣ ಕುಳಿ ಉಳಿದವು. ಅದನ್ನು ಸಪಾಟು ಮಾಡಬೇಕಾದರೆ ಕಾವಲಿಗೆಯನ್ನೇ ತೆಳ್ಳಗೆ ಮಾಡಬೇಕು. ಬಿಟ್ಟೆ.

ತೊಳೆದೆ, ಕೂಡಲೇ ಗ್ಯಾಸಿನ ಮೇಲೆ ಒಣಗಿಸಿದೆ, ತೆಂಗಿನೆಣ್ಣೆ ಹಚ್ಚಿದೆ. ಧಾರಾಳ ಹಚ್ಚಿದೆ, ಎರಡು ದೊಡ್ಡ ಚಮಚ. ಎಣ್ಣೆ ಜಾಸ್ತಿ ಕುಡಿದರೆ ಬೇಗ ಪಳಗುತ್ತದೆ, ಅಂದರೆ ದೋಸೆ ಅಂಟದಂಥ ಪದರ ಕಟ್ಟುತ್ತದೆ ಅಂತ ನನ್ನ ನಂಬಿಕೆ. ಹೊಗೆ ಬರುವ ತನಕ ಕಾಯಿಸಿದೆ. ತಣಿದ ಮೇಲೆ ಇನ್ನೊಂದು ಸಲ, ಮತ್ತೊಂದು ಸಲ.

ಜೂನ್ 22, ಭಾನುವಾರ

ಬೆಳಿಗ್ಗೆ ಮುಟ್ಟಿದರೆ ಬೆರಳು ಅಂಟುತ್ತದೆ. ಹಲಸಿನ ಮೇಣದ ಹಾಗೆ. ಆದರೂ ಆಸೆ ತಡೆಯಲಿಲ್ಲ, ತೆಳ್ಳವಿನ ಹಿಟ್ಟು ರೆಡಿ ಇತ್ತು. ಎರೆದೆ. ನಡುವಿನಲ್ಲಿ ಗ್ಯಾಸಿನ ಉರಿ ತಾಗುವ ಕಡೆ ಕರಟಿತು, ಅಂಚಿನಲ್ಲಿ ಹಿಟ್ಟು ಹಸಿ. ಸಟ್ಟುಗ ಹಾಕಿದರೆ ಮುದ್ದೆಯಾಗಿ ಬಂತು. ಐದು ಎರೆದೆ, ಐದೂ ದನದ ಬಾಲ್ದಿಗೆ ಹೋದವು.

ಅಜ್ಜಿ ಅಷ್ಟು ಹೊತ್ತು ತೆಂಗಿನಕಾಯಿ ತುರಿಯುತ್ತಾ ನೋಡುತ್ತಿದ್ದರು. ಕಾವಲಿಗೆಯ ಮೇಲೆ ಬೆರಳಿಟ್ಟು ಎತ್ತಿ ತೋರಿಸಿದರು, ಜಿಗುಟು ನೂಲಿನ ಹಾಗೆ ಎದ್ದಿತು. "ಎಣ್ಣೆ ಉದ್ದೆಕು ಮಾಣೀ, ಎರವಲಾಗ." ಎಣ್ಣೆ ಒರೆಸಬೇಕು, ಸುರಿಯಬಾರದು. ನನ್ನ ಇಡೀ ವಾರದ ಕೆಲಸದಲ್ಲಿ ಎಲ್ಲಿ ತಪ್ಪಿತ್ತು ಅಂತ ಈ ಒಂದು ಮಾತಿನಲ್ಲಿ ಇತ್ತು. ಮೊದಲೇ ಕೇಳಬಹುದಿತ್ತು, ಕೇಳಿರಲಿಲ್ಲ.

ಇನ್ನೊಂದು ವಿಷಯ. ದಿನಾ ದೋಸೆ ಎರೆಯಲು ತೆಂಗಿನೆಣ್ಣೆ ಬೇಕಾದಷ್ಟಾಯಿತು. ಆದರೆ ಬೋಳು ಬೀಡಿನ ಮೇಲೆ ಮೊದಲ ಪದರ ಕಟ್ಟಲು ಅದು ಅಷ್ಟು ಒಳ್ಳೆಯದಲ್ಲ. ಒಣಗಿ ಗಟ್ಟಿಯಾಗುವ ಗುಣ ಅದಕ್ಕೆ ಕಡಿಮೆ. ಎಳ್ಳೆಣ್ಣೆಗೆ ಆ ಗುಣ ಜಾಸ್ತಿ.

ಜೂನ್ 25, ಬುಧವಾರ

ಅಂಟು ತೆಗೆಯಲು ಹೊರಗಿನ ಒಲೆ ಹೊತ್ತಿಸಿದೆ. ಬಚ್ಚಲೊಲೆಯ ಪಕ್ಕದ್ದು, ಅಡಿಕೆ ಬೇಯಿಸಲು ಇದ್ದದ್ದು. ಒಣ ಗೆರಟೆ (ತೆಂಗಿನ ಚಿಪ್ಪು), ತೆಂಗಿನ ಮಡಲಿನ ತುಂಡು. ಕಾವಲಿಗೆ ಮಗುಚಿ ಇಟ್ಟು ನಲವತ್ತು ನಿಮಿಷ ಜೋರು ಉರಿ. ಹೊಗೆ ಎದ್ದು ನಿಂತಿತು. ಅಂಟೆಲ್ಲ ಬೂದಿಯಾಯಿತು.

ಕೆಂಪಗೆ ಕಾದ ಕಾವಲಿಗೆಗೆ ನೀರು ಸುರಿಯಲು ಚೆಂಬು ಎತ್ತಿದ್ದೆ. ಅಮ್ಮ ಕೈ ಹಿಡಿದುಬಿಟ್ಟರು. ಬೀಡಿಗೆ ಬಿಸಿಯಲ್ಲಿ ತಣ್ಣೀರು ಬಿದ್ದರೆ ಸೀಳಿ ಹೋಗುತ್ತದೆ. ಬೂದಿಯಲ್ಲೇ ಬಿಟ್ಟು ರಾತ್ರಿ ಇಡೀ ತಣಿಯಲು ಬಿಟ್ಟೆ.

ಜೂನ್ 28, ಶನಿವಾರ

ಎಳ್ಳೆಣ್ಣೆ 100 ಮಿಲಿ, 60 ರೂಪಾಯಿ. ಇಷ್ಟರಲ್ಲಿ ಒಟ್ಟು ಖರ್ಚು 385.

ಈ ಸಲ ಹೀಗೆ ಮಾಡಿದೆ. ಕಾವಲಿಗೆಯನ್ನು ಕೈ ಮುಟ್ಟಬಹುದಾದಷ್ಟು ಬಿಸಿ ಮಾಡಿದೆ. ಅರ್ಧ ಟೀ ಚಮಚ ಎಳ್ಳೆಣ್ಣೆ, ಹಳೇ ಹತ್ತಿ ಪಂಚೆಯ ಗಂಟಿನಲ್ಲಿ ಮೇಲೆ, ಕೆಳಗೆ, ಕಿವಿಗೆ ಎಲ್ಲ ಹಚ್ಚಿದೆ. ಆಮೇಲೆ ಬೇರೆ ಒಣ ಬಟ್ಟೆಯಲ್ಲಿ ಎಲ್ಲವನ್ನೂ ಒರೆಸಿ ತೆಗೆದೆ. ಎಣ್ಣೆ ಹಚ್ಚಿದ್ದೇ ತಪ್ಪಾಯಿತೇನೋ, ವಾಪಸ್ ತೆಗೆಯುತ್ತಿದ್ದೇನೆ ಅನ್ನುವ ಹಾಗೆ ಒರೆಸಬೇಕು. ನೋಡಲು ಒಣಗಿದ ಹಾಗೆ ಇರಬೇಕು. ಆಮೇಲೆ ಗೆರಟೆ ಕೆಂಡದ ಮೇಲೆ ಇಟ್ಟು, ಹೊಗೆ ಬಂದು, ಆ ಹೊಗೆ ನಿಲ್ಲುವ ತನಕ. ಸುಮಾರು ಇಪ್ಪತ್ತು ನಿಮಿಷ. ತಣಿಯಲು ಬಿಡುವುದು, ಮತ್ತೆ ಅದೇ.

ಮೊದಲ ಸುತ್ತಿಗೆ ಬೂದು ಬಣ್ಣ ಹೋಗಿ ಕಂದು ಬಂತು. ಮೂರನೆಯದಕ್ಕೆ ಅಡಿಕೆ ಚೊಗರಿನ ಬಣ್ಣ. ಆರನೇ ಸುತ್ತು ಮುಗಿಯುವಾಗ ಸಂಜೆ ಏಳು, ಕಾವಲಿಗೆ ಕಪ್ಪಗೆ. ಬೆರಳಲ್ಲಿ ಉಜ್ಜಿ ನೋಡಿದೆ, ಅಂಟಲಿಲ್ಲ. ಆರು ಸುತ್ತಿಗೂ ಸೇರಿ ಎಣ್ಣೆ ಮೂರು ಟೀ ಚಮಚ.

ಜೂನ್ 29, ಭಾನುವಾರ

ತೆಳ್ಳವಿಗೆ ಕೂಡಲೇ ಹೋಗಬೇಡ, ಮೊದಲು ಉದ್ದಿನ ದೋಸೆ ಎರೆ ಅಂತ ಅಜ್ಜಿ. ಉದ್ದಿನ ದೋಸೆಗೆ ಎಣ್ಣೆ ಹಾಕುವುದು ಜಾಸ್ತಿ, ಹಿಟ್ಟಿಗೂ ಹಿಡಿತ ಇದೆ. ಹೊಸ ಕಾವಲಿಗೆಗೆ ಅದು ಸುಲಭ.

ಹಿಟ್ಟು ಹಿಂದಿನ ದಿನವೇ ಮಾಡಿದ್ದು. ಬೆಳ್ತಿಗೆ ಅಕ್ಕಿ (ಕುಚ್ಚಲು ಅಲ್ಲದ ಬಿಳಿ ಅಕ್ಕಿ) ಮೂರು ಕುಡ್ತೆ (ನಮ್ಮ ಕಡೆಯ ಸಣ್ಣ ಅಳತೆಪಾತ್ರೆ), ಉದ್ದು ಒಂದು ಕುಡ್ತೆ, ಮೆಂತೆ ಅರ್ಧ ಚಮಚ. ಐದು ಗಂಟೆ ನೆನೆಸಿ ಉದ್ದನ್ನು ಬೇರೆಯೇ ಕಡೆದು ಆಮೇಲೆ ಸೇರಿಸಿದ್ದು. ಮಳೆಗಾಲದಲ್ಲಿ ಹುಳಿ ಬರುವುದು ನಿಧಾನ. ಒಲೆಯ ಪಕ್ಕ ಇಟ್ಟರೂ ಹದಿನಾಲ್ಕು ಗಂಟೆ ತೆಗೆದುಕೊಂಡಿತು.

ಎರೆಯುವ ಮೊದಲು ಎರಡು ನೀರುಳ್ಳಿ ಉದ್ದಕ್ಕೆ ಹೆಚ್ಚಿ, ಎಣ್ಣೆಯಲ್ಲಿ ಕಾವಲಿಗೆ ತುಂಬ ಹರಡಿ ಕಪ್ಪಾಗುವ ತನಕ ಹುರಿದು ಎಸೆದೆ. ಮೊದಲ ಎರಡು ದೋಸೆ ಹರಿದವು. ಮೂರನೆಯದು ಅಂಚಿನಲ್ಲಿ ತಾನಾಗಿ ಬಿಟ್ಟುಕೊಂಡಿತು. ಹನ್ನೊಂದನೆಯದು ಸಟ್ಟುಗ ತಾಗಿಸುವ ಮೊದಲೇ ಜಾರುತ್ತಿತ್ತು. ಆ ವಾರ ದಿನಾ ಬೆಳಿಗ್ಗೆ ಅದರಲ್ಲೇ ಎರೆದೆವು. ಒಂದು ದಿನ ಸೌತೆಕಾಯಿ ದೋಸೆಯೂ ಆಯಿತು. ತುರಿದ ಸೌತೆಕಾಯಿಯನ್ನು ಅಕ್ಕಿಯ ಜೊತೆ ಕಡೆಯುವುದು, ನೀರು ಬೇರೆ ಹಾಕುವುದು ಬೇಡ, ಕಾಯಿಯ ನೀರೇ ಸಾಕು.

ತೊಳೆಯುವ ಕ್ರಮ: ಸಾಬೂನು ಇಲ್ಲ. ಬಿಸಿನೀರು, ತೆಂಗಿನ ನಾರು, ಒಲೆಯ ಮೇಲೆ ಒಣಗಿಸುವುದು, ಎಣ್ಣೆಬಟ್ಟೆಯಲ್ಲಿ ಒಂದು ಸಲ ಒರೆಸುವುದು.

ಜುಲೈ 5, ಶನಿವಾರ

ತೆಳ್ಳವು.

ಬೆಣ್ತಕ್ಕಿ, ಅಂದರೆ ಬೆಳ್ತಿಗೆ ಅಕ್ಕಿಯೇ, ಎರಡು ಕುಡ್ತೆ, ರಾತ್ರಿಯೇ ನೆನೆಹಾಕಿದ್ದೆ. ನಾಲ್ಕೈದು ಗಂಟೆ ಸಾಕು, ಆದರೆ ಬೆಳಿಗ್ಗೆ ಬೇಗ ಆಗಬೇಕಲ್ವಾ. ಹೊಸ ಅಕ್ಕಿ ಬೇಡ, ದೋಸೆ ಅಂಟಂಟಾಗುತ್ತದೆ. ಕುಚ್ಚಲಕ್ಕಿಯಂತೂ ಬೇಡವೇ ಬೇಡ, ಒಮ್ಮೆ ಮಾಡಿ ನೋಡಿ ಕೈ ಸುಟ್ಟುಕೊಂಡಿದ್ದೇನೆ. ತುರಿದ ತೆಂಗಿನಕಾಯಿ ಅರ್ಧ ಕುಡ್ತೆ. ಗ್ರೈಂಡರಿನಲ್ಲಿ ನುಣ್ಣಗೆ ಕಡೆಯಬೇಕು, ಎರಡು ಬೆರಳ ನಡುವೆ ಉಜ್ಜಿದರೆ ಒಂದು ತರಿಯೂ ಸಿಗಬಾರದು. ಆಮೇಲೆ ನೀರು. ಕಡೆಯಲು ಹಾಕಿದ್ದೂ ಸೇರಿ ಒಟ್ಟು ಐದು ಕುಡ್ತೆಯ ಹತ್ತಿರ ಹೋಯಿತು. ಸೌಟು ಅದ್ದಿ ಎತ್ತಿದರೆ ಸೌಟಿನ ಬೆನ್ನಿನಲ್ಲಿ ತೆಳ್ಳಗೆ ಬಿಳಿ ಉಳಿಯಬೇಕು, ಅಷ್ಟು ನೀರು. ಉಪ್ಪು. ಹುಳಿ ಬರಿಸುವುದಿಲ್ಲ, ಕೂಡಲೇ ಎರೆಯುವುದು.

ಮೊದಲನೆಯದು ಎರೆದೆ. ಶಬ್ದ ಬರಲಿಲ್ಲ. "ಬೆಶಿ ಆಯಿದಿಲ್ಲೆ" ಅಂದರು ಅಜ್ಜಿ, ಒಳಗಿನ ಕೋಣೆಯಿಂದಲೇ. ಬಿಸಿ ಆಗಿಲ್ಲ ಅಂತ. ನೋಡಿರಲಿಲ್ಲ, ಬರೀ ಕೇಳಿದ್ದು. ಎರಡು ಗೆರಟೆ ಜಾಸ್ತಿ ಹಾಕಿದೆ. ನೀರು ಚಿಮುಕಿಸಿದರೆ ಹನಿ ಉಂಡೆಯಾಗಿ ಓಡುವ ತನಕ ಕಾದೆ.

ಎಣ್ಣೆಗಂಟು ಒಂದು ಸಲ ಎಳೆದೆ. ಹಿಟ್ಟನ್ನು ಅಡಿಯಿಂದ ಕಲಕಿದೆ. ಅಕ್ಕಿ ಅಡಿಗೆ ಕೂರುತ್ತದೆ, ಪ್ರತಿ ದೋಸೆಗೂ ಕಲಕಲೇಬೇಕು. ಒಂದು ಸೌಟು ತುಂಬಿ ಅಂಚಿನಿಂದ ಶುರು ಮಾಡಿ ಸುತ್ತ ತಿರುಗಿಸುತ್ತಾ ನಡುವಿಗೆ ಎರೆದೆ. ಹರಡುವ ಹಾಗಿಲ್ಲ. ಚೊಂಯ್ಯ್ ಅಂತು. ಬಿದ್ದಲ್ಲೇ ಹಿಟ್ಟು ಕುದಿದು ಸಾವಿರ ಕಣ್ಣು ತೆರೆಯಿತು. ಮುಚ್ಚಳ ಮುಚ್ಚಿ ಐವತ್ತು ಎಣಿಸಿದೆ. ತೆಗೆದಾಗ ಆವಿ ಹೋಗಿ, ಬಿಳಿ ಮೈ ಮೇಲೆ ಹೊಳಪು ಬಂದಿತ್ತು. ಅಂಚು ಸುತ್ತಲೂ ಅರ್ಧ ಬೆರಳಿನಷ್ಟು ತಾನೇ ಎದ್ದು ಒಳಗೆ ಮಡಚಿತ್ತು. ಸಟ್ಟುಗ ಹಾಕಿದೆ. ಪೂರ್ತಿ ಬಂತು. ಮಗುಚುವುದಿಲ್ಲ, ಎರಡು ಮಡಿಕೆ ಮಾಡಿ ಬಾಳೆಲೆಗೆ.

ಇಪ್ಪತ್ತಮೂರು ತೆಳ್ಳವು ಆಯಿತು. ಬಿಸಿಯದನ್ನು ಒಂದರ ಮೇಲೊಂದು ಪೇರಿಸಬೇಡಿ, ಅಂಟಿಕೊಳ್ಳುತ್ತವೆ. ಒಂದು ನಿಮಿಷ ಬೇರೆ ಬೇರೆ ಹರಡಿ ಆರಿಸಿದರೆ ಆಮೇಲೆ ತೊಂದರೆ ಇಲ್ಲ. ಜೊತೆಗೆ ಬೆಲ್ಲಸುಳಿ, ಅಂದರೆ ಕಾಯಿತುರಿಗೆ ಬೆಲ್ಲ ಪುಡಿ ಮಾಡಿ ಕೈಯಲ್ಲೇ ಕಲಸಿದ್ದು. ಇನ್ನೊಂದು ಕಡೆ ಗಾಂಧಾರಿ ಮೆಣಸು, ಚೂರು ಶುಂಠಿ ಹಾಕಿದ ಕಾಯಿ ಚಟ್ನಿ. ನಾನು ಮೊದಲು ಖಾರ ತಿಂದು ಕೊನೆಯ ಎರಡನ್ನು ಸಿಹಿಗೆ ಉಳಿಸುತ್ತೇನೆ. ಅಜ್ಜಿ ನಾಲ್ಕು ತಿಂದರು. ಮೂರಕ್ಕಿಂತ ಜಾಸ್ತಿ ತಿಂದದ್ದನ್ನು ನಾನು ಈಚೆಗೆ ನೋಡಿರಲಿಲ್ಲ.

ಜುಲೈ 6, ಭಾನುವಾರ

ಹಲಸಿನ ಹಣ್ಣಿನ ದೋಸೆ. ಕಾವಲಿಗೆಗೆ ನಿಜವಾದ ಪರೀಕ್ಷೆ ಇದೇ, ಹಣ್ಣಿನ ಸಿಹಿ ಕರಗಿ ಅಡಿಗೆ ಹಿಡಿಯುತ್ತದೆ.

ತೋಟದ ಕೊನೆಯ ತುಳುವ ಹಣ್ಣು, ಅಂದರೆ ಮೆತ್ತನೆ ಸೊಳೆಯ ಹಲಸು. ಮಳೆನೀರು ಕುಡಿದು ಸ್ವಲ್ಪ ಸಪ್ಪೆ, ಹಾಗಾಗಿ ನಿಂಬೆ ಗಾತ್ರದ ಬೆಲ್ಲ ಸೇರಿಸಿದೆ. ಬೀಜ ತೆಗೆದ ಸೊಳೆ ಎರಡು ಕುಡ್ತೆ, ನೆನೆಸಿದ ಬೆಳ್ತಿಗೆ ಅಕ್ಕಿ ಎರಡು ಕುಡ್ತೆ, ಚಿಟಿಕೆ ಉಪ್ಪು. ನೀರು ಹಾಕದೆ, ಇಡ್ಲಿ ಹಿಟ್ಟಿಗಿಂತ ತುಸು ತರಿಯಾಗಿ ಕಡೆದೆ. ಇದನ್ನು ಕೈಯಲ್ಲಿ ದಪ್ಪಗೆ ಹರಡುವುದು, ಮುಚ್ಚಳ ಮುಚ್ಚುವುದು, ಮಗುಚಿ ಎರಡೂ ಕಡೆ ಬೇಯಿಸುವುದು. ತಿನ್ನುವಾಗ ಮೇಲೆ ತುಪ್ಪ.

ತೆಳ್ಳವಿನ ಉರಿಯಲ್ಲೇ ಮೊದಲನೆಯದನ್ನು ಹಾಕಿದೆ. ಅಡಿ ಹಿಡಿದು ಕಪ್ಪಾಯಿತು. ಗೆರಟೆ ಹೊರಗೆಳೆದು ಬರೀ ಕೆಂಡ ಉಳಿಸಿದೆ. ಎರಡನೆಯದು ಒಂದು ಕಡೆ ಹರಿಯಿತು. ಮೂರನೆಯದರಿಂದ ಸರಿಯಾಗಿ ಎದ್ದವು, ಕಂದು ಬಣ್ಣದ ಚರ್ಮ ಕಟ್ಟಿಕೊಂಡು.

ಅಂಚಿನಲ್ಲಿ ಆ ಎಂಟಾಣೆ ಅಗಲದ ಕುಳಿ ಇದೆಯಲ್ಲ, ಅಲ್ಲಿ ಮಾತ್ರ ಎಂಟು ದೋಸೆಗೂ ಒಂದು ಚೂರು ಹಿಟ್ಟು ಅಂಟಿ ಉಳಿಯಿತು. ಮಧ್ಯಾಹ್ನ ನಾರಿನಲ್ಲಿ ತಿಕ್ಕಿ, ಕೆಂಡದ ಮೇಲೆ ಒಣಗಿಸಿ, ಆ ಜಾಗಕ್ಕೆ ಮಾತ್ರ ಬೆರಳ ತುದಿಯಲ್ಲಿ ಎಳ್ಳೆಣ್ಣೆ ಹಚ್ಚಿ ಒರೆಸಿ ಕಾಯಿಸಿದೆ. ಇನ್ನು ದಿನಾ ಸಂಜೆ ಅದೊಂದು ಸುತ್ತು. ಕಾವಲಿಗೆ ಈಗ ಅಡುಗೆಮನೆಯ ಒಳಗೆ, ಒಲೆಯ ಹಿಂದಿನ ಗೋಡೆಯ ಮೊಳೆಯಲ್ಲಿ ನೇತಾಡುತ್ತಿದೆ.